ವಿದ್ಯಾರ್ಥಿ ಪತ್ರಿಕೆ: ಮತದಾರನ ಕೈದೀವಿಗೆ

ಹಕ್ಕು ದೊರೆತ ಮಾತ್ರಕ್ಕೆ ಅದನ್ನು ಬಳಸುವ ಬಗೆ ತಿಳಿದಂತಾಗುವುದಿಲ್ಲ. ಯಾವಾಗ, ಎಲ್ಲಿ, ಹೇಗೆ ಮತ ನೀಡಬೇಕೆಂಬುದನ್ನು ಅರಿಯದವನ ಪಾಲಿಗೆ ಮತದಾನದ ಹಕ್ಕು ಕಾನೂನಿನ ಪುಸ್ತಕದಲ್ಲಿಯೇ ಉಳಿದುಬಿಡುತ್ತದೆ. ಈ ಅರಿವನ್ನು ತರುಣರಿಗೆ ನೀಡುವಲ್ಲಿ ಅಮೆರಿಕದ ವಿದ್ಯಾರ್ಥಿ ಪತ್ರಿಕೆಗಳ ಸೇವೆ ಗಮನಾರ್ಹವಾದುದು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರವು ಹದಿನೆಂಟು ದಾಟಿದ ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಬಹುದಾಗಿತ್ತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಮತ ನೀಡಲು 21 ವರ್ಷ ತುಂಬಬೇಕಾಗಿತ್ತು. ದೇಶಕ್ಕಾಗಿ ಪ್ರಾಣ ಕೊಡಬಲ್ಲವನು ಮತ ಕೊಡಲಾರನೇ ಎಂಬ ಪ್ರಶ್ನೆ ಎದ್ದಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತು.

ಆದರೂ ವಿದ್ಯಾರ್ಥಿಯ ದಾರಿ ಸುಗಮವಾಗಲಿಲ್ಲ. ಊರು ಬಿಟ್ಟು ದೂರದ ಕಾಲೇಜಿನಲ್ಲಿ ಓದುವವನು ಎಲ್ಲಿಯ ಮತದಾರ? ಟೆಕ್ಸಾಸ್ ರಾಜ್ಯದ ಪ್ರೇರಿ ವ್ಯೂ ಎಂಬಲ್ಲಿ ಕಪ್ಪುಜನರ ಶಿಕ್ಷಣಕ್ಕಾಗಿ ಸ್ಥಾಪಿತವಾದ ವಿದ್ಯಾಲಯವೊಂದಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ನೋಂದಣಾಧಿಕಾರಿಯು ಹಲವು ಪ್ರಶ್ನೆಗಳನ್ನೊಡ್ಡಿ ಮತದಾರರ ಪಟ್ಟಿಗೆ ಸೇರದಂತೆ ತಡೆಯುತ್ತಿದ್ದನು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1979ರಲ್ಲಿ ವಿದ್ಯಾರ್ಥಿಗಳ ಹಕ್ಕು ಸ್ಥಿರಪಟ್ಟಿತು.

ವಿದ್ಯಾರ್ಥಿಯು ಕಾಲೇಜಿನ ಊರಿನಲ್ಲಾಗಲಿ ತನ್ನ ಊರಿನಲ್ಲಾಗಲಿ, ಒಂದೇ ಕಡೆ ಮತ ನೀಡಬಹುದು. ತನ್ನ ಊರನ್ನೇ ಆರಿಸಿಕೊಂಡರೆ ಮತಪತ್ರವನ್ನು ಅಂಚೆಯ ಮೂಲಕ ತರಿಸಿ, ಕಳುಹಿಸಬೇಕಾಗಬಹುದು. ನೋಂದಣಿಯ ನಿಯಮಗಳೂ ಕೊನೆಯ ದಿನಾಂಕಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯಗಳಲ್ಲಿ ದಿನ ತಪ್ಪಿದರೆ, ಲಕೋಟೆಯ ಮೇಲೆ ಸಹಿ ಮರೆತರೆ, ಮತವೇ ನಷ್ಟವಾಗಬಹುದು.

ವಿದ್ಯಾರ್ಥಿ ಪತ್ರಿಕೆಗಳು ನೆರವಿಗೆ ಬರುವುದು ಇಲ್ಲಿಯೇ. 1873ರಲ್ಲಿ ಆರಂಭವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಕ್ರಿಮ್ಸನ್’, 1890ರಲ್ಲಿ ಹುಟ್ಟಿದ ‘ಮಿಚಿಗನ್ ಡೈಲಿ’ ಮೊದಲಾದವು ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳು. ಚುನಾವಣೆ ಸಮೀಪಿಸಿದಾಗ ಇಂತಹ ಪತ್ರಿಕೆಗಳು ನೋಂದಣಿಯ ಕ್ರಮವನ್ನೂ ಮತಗಟ್ಟೆಯ ವಿಳಾಸವನ್ನೂ ಪ್ರಕಟಿಸುತ್ತವೆ. ಅಲ್ಲಿ ಅಧ್ಯಕ್ಷರ ಆಯ್ಕೆಯೊಂದಕ್ಕೇ ಮತದಾನವಿಲ್ಲ. ನಗರಸಭೆ, ಶಾಲಾಮಂಡಳಿಗಳಿಗೂ, ಅನೇಕ ರಾಜ್ಯಗಳಲ್ಲಿ ಕಾನೂನಿನ ಪ್ರಸ್ತಾವಗಳ ಮೇಲೂ ಜನರು ಮತ ನೀಡುತ್ತಾರೆ. ಅವುಗಳ ಜಟಿಲವಾದ ಭಾಷೆಯನ್ನು ಪತ್ರಿಕೆಯು ತಿಳಿಯಾಗಿಸುತ್ತದೆ. ಉಮೇದುವಾರರೆಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿದರೆ, ತೂಗಿ ನೋಡುವ ಕೆಲಸ ಓದುಗನದಾಗುತ್ತದೆ.

ಈ ಸೇವೆಗೆ ಎರಡು ಗುಣಗಳು ಅಗತ್ಯ. ಒಂದು, ನಿಖರತೆ. ಒಂದು ದಿನಾಂಕ ತಪ್ಪಾಗಿ ಅಚ್ಚಾದರೆ ನೂರಾರು ಮಂದಿ ಮತ ಕಳೆದುಕೊಂಡಾರು. ಇನ್ನೊಂದು, ನಿಷ್ಪಕ್ಷಪಾತ. ಸಂಪಾದಕೀಯದಲ್ಲಿ ಪತ್ರಿಕೆಯು ತನ್ನ ಅಭಿಪ್ರಾಯವನ್ನು ಹೇಳಬಹುದು. ಸುದ್ದಿಯಲ್ಲಿ ಅದು ಬೆರೆಯಬಾರದು.

ಭಾರತದಲ್ಲಿಯೂ 61ನೆಯ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇಂದು ಶಾಲೆಯ ಗೋಡೆಪತ್ರಿಕೆಗೆ ಬರೆಯುವ ಕೈ ಕೆಲವೇ ವರ್ಷಗಳಲ್ಲಿ ಮತ ನೀಡುವ ಕೈಯಾಗುತ್ತದೆ. ಕೇಳಿದ್ದನ್ನು ಪರೀಕ್ಷಿಸಿ, ಸತ್ಯವೆಂದು ಕಂಡದ್ದನ್ನೇ ಬರೆಯುವ ಅಭ್ಯಾಸವು ಈಗಲೇ ಬೆಳೆದರೆ, ಮುಂದೆ ಮತ ನೀಡುವಾಗಲೂ ಆ ಕೈ ತಡವರಿಸದು.