ಮೆಮೊರಿ ಕಾರ್ಡ್‌ಗೆ ಫರ್ಮ್‌ವೇರ್ ಬರೆಯುವುದು

ಮೆಮೊರಿ ಕಾರ್ಡ್‌ಗೆ ಫರ್ಮ್‌ವೇರ್ ಬರೆಯುವುದು ಎಂದರೆ ರಾಸ್ಪ್‌ಬೆರಿ ಪೈನಂತಹ ಏಕಫಲಕ ಕಂಪ್ಯೂಟರುಗಳು ಚಾಲನೆಗೊಳ್ಳಲು ಬೇಕಾದ ಫರ್ಮ್‌ವೇರ್ ಮತ್ತು ಕಾರ್ಯಾಚರಣ ವ್ಯವಸ್ಥೆಯನ್ನು ಮತ್ತೊಂದು ಕಂಪ್ಯೂಟರಿನ ನೆರವಿನಿಂದ ಎಸ್‌ಡಿ ಕಾರ್ಡಿನಲ್ಲಿ ಅಳವಡಿಸುವ ಕ್ರಿಯೆ. ಇದನ್ನು ‘ಫ್ಲ್ಯಾಶ್ ಮಾಡುವುದು’ ಎಂದೂ ಕರೆಯುತ್ತಾರೆ.

ಹಿನ್ನೆಲೆ

2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ಮೊದಲ ರಾಸ್ಪ್‌ಬೆರಿ ಪೈನಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಅದರ ಸ್ಥಾನವನ್ನು ಎಸ್‌ಡಿ ಕಾರ್ಡ್ ತುಂಬುತ್ತಿತ್ತು. 2014ರ ಬಿ ಪ್ಲಸ್ ಮಾದರಿಯಲ್ಲಿ ಚಿಕ್ಕ ಗಾತ್ರದ ಮೈಕ್ರೊ ಎಸ್‌ಡಿ ಕಾರ್ಡ್ ಬಳಕೆಗೆ ಬಂದಿತು.

ಕಾರ್ಡಿನ ರಚನೆ

ಸಿದ್ಧಗೊಂಡ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ವಿಭಾಗಗಳಿರುತ್ತವೆ. ಫ್ಯಾಟ್32 ಮಾದರಿಯ ಚಿಕ್ಕ ವಿಭಾಗದಲ್ಲಿ ಫರ್ಮ್‌ವೇರ್, ಸಂರಚನಾ ಕಡತ ಹಾಗೂ ಲಿನಕ್ಸ್ ಕರ್ನಲ್ ಇರುತ್ತವೆ. ಇಎಕ್ಸ್‌ಟಿ4 ಮಾದರಿಯ ದೊಡ್ಡ ವಿಭಾಗದಲ್ಲಿ ಕಾರ್ಯಾಚರಣ ವ್ಯವಸ್ಥೆಯ ಉಳಿದ ಭಾಗವಿರುತ್ತದೆ. ಹಳೆಯ ಮಾದರಿಗಳಲ್ಲಿ, ವಿದ್ಯುತ್ ಹರಿದೊಡನೆ ಚಿಪ್ಪಿನಲ್ಲಿ ಶಾಶ್ವತವಾಗಿ ಅಡಕಗೊಂಡಿರುವ ಪುಟ್ಟ ಪ್ರೋಗ್ರಾಮ್ ಮೊದಲ ವಿಭಾಗದಲ್ಲಿ ನಿರ್ದಿಷ್ಟ ಹೆಸರಿನ ಕಡತವನ್ನು ಹುಡುಕುತ್ತದೆ. ಅದು ಸಿಗದಿದ್ದರೆ ಕೆಂಪು ದೀಪ ಉರಿದರೂ ಕಂಪ್ಯೂಟರ್ ಚಾಲನೆಗೊಳ್ಳುವುದಿಲ್ಲ. 2019ರ ರಾಸ್ಪ್‌ಬೆರಿ ಪೈ 4ರಲ್ಲಿ ಆರಂಭಿಕ ಫರ್ಮ್‌ವೇರಿನ ಒಂದು ಭಾಗ ಬೋರ್ಡಿನ ಮೇಲಿನ ಪ್ರತ್ಯೇಕ ಚಿಪ್ಪಿನಲ್ಲಿರುತ್ತದೆ.

ನಕಲು ಮತ್ತು ಬರವಣಿಗೆಯ ವ್ಯತ್ಯಾಸ

ಅಂತರಜಾಲದಿಂದ ಇಳಿಸಿಕೊಂಡ ಇಮೇಜ್ ಕಡತವು ಇಡೀ ಕಾರ್ಡಿನ ಯಥಾಪ್ರತಿ. ವಿಭಾಗಗಳ ಪಟ್ಟಿಯೂ ಅದರೊಳಗೇ ಇರುತ್ತದೆ. ಆದುದರಿಂದ ಅದನ್ನು ಛಾಯಾಚಿತ್ರ ಅಥವಾ ಹಾಡಿನಂತೆ ಕಾರ್ಡಿಗೆ ನಕಲು ಮಾಡಿದರೆ ಪ್ರಯೋಜನವಿಲ್ಲ. ಕಾರ್ಡಿನ ಮೊದಲ ಸೆಕ್ಟರಿನಿಂದಲೇ ಅದರ ಬೈಟ್‌ಗಳನ್ನು ಅನುಕ್ರಮವಾಗಿ ಬರೆಯಬೇಕು. ಇದರಿಂದ ಕಾರ್ಡಿನಲ್ಲಿದ್ದ ಹಳೆಯ ಮಾಹಿತಿ ನಾಶವಾಗುತ್ತದೆ.

ವಿಧಾನ

2020ರಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಇಮೇಜರ್ ಈ ಕೆಲಸಕ್ಕೆಂದೇ ರೂಪಿಸಲಾದ ತಂತ್ರಾಂಶ. ಬೋರ್ಡಿನ ಮಾದರಿ, ಕಾರ್ಯಾಚರಣ ವ್ಯವಸ್ಥೆ ಹಾಗೂ ಕಾರ್ಡನ್ನು ಆರಿಸಿದ ಬಳಿಕ ಅದು ಇಮೇಜನ್ನು ಬರೆದು, ಬರೆದುದನ್ನು ಮರಳಿ ಓದಿ ಪರಿಶೀಲಿಸುತ್ತದೆ. ಲಿನಕ್ಸ್‌ನಲ್ಲಿ ‘ಡಿಡಿ’ ಎಂಬ ಆದೇಶದಿಂದಲೂ ಇದೇ ಕಾರ್ಯ ಸಾಧ್ಯ.

ಎಚ್ಚರಿಕೆಗಳು

* ‘ಡಿಡಿ’ ಯಾವ ಪ್ರಶ್ನೆಯನ್ನೂ ಕೇಳದೆ ಸೂಚಿಸಿದ ಸಾಧನದ ಮೇಲೆ ಬರೆಯುತ್ತದೆ. ಕಾರ್ಡಿನ ಬದಲು ಹಾರ್ಡ್ ಡಿಸ್ಕಿನ ಹೆಸರು ನೀಡಿದರೆ ಅದರಲ್ಲಿರುವ ಮಾಹಿತಿ ಅಳಿಸಿಹೋಗುತ್ತದೆ. ಸಾಧನದ ಹೆಸರನ್ನೂ ಸಾಮರ್ಥ್ಯವನ್ನೂ ಮೊದಲೇ ಹೋಲಿಸಿ ನೋಡುವುದು ಅವಶ್ಯಕ.
* ವಿಂಡೋಸ್ ಸಾಮಾನ್ಯವಾಗಿ ಇಎಕ್ಸ್‌ಟಿ4 ವಿಭಾಗವನ್ನು ಗುರುತಿಸುವುದಿಲ್ಲ. ಬರವಣಿಗೆಯ ನಂತರ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ಮೂಡಿದರೆ ನಿರಾಕರಿಸಬೇಕು. ಒಪ್ಪಿದರೆ ಬರೆದ ವ್ಯವಸ್ಥೆ ಹಾಳಾಗುತ್ತದೆ.
* ನಮೂದಿಸಿದ್ದಕ್ಕಿಂತ ಕಡಿಮೆ ಸಾಮರ್ಥ್ಯದ ನಕಲಿ ಕಾರ್ಡುಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಪರಿಶೀಲನಾ ಹಂತವನ್ನು ಬಿಡಬಾರದು.
* ಬರವಣಿಗೆ ಮುಗಿದು, ಸಾಧನವನ್ನು ಸುರಕ್ಷಿತವಾಗಿ ಬೇರ್ಪಡಿಸಿದ ನಂತರವೇ ಕಾರ್ಡನ್ನು ಹೊರತೆಗೆಯಬೇಕು.