ಮಂಡಿಯ ನೋವೂ ಬೆಟ್ಟದ ಮೆಟ್ಟಿಲೂ

ಅರುವತ್ತು ದಾಟಿದ ಮೇಲೆಯೂ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರಿ ಇಳಿಯತಕ್ಕ ಗೃಹಸ್ಥರೂ ಗೃಹಿಣಿಯರೂ ಮೈಸೂರಿನಲ್ಲಿ ಅನೇಕರಿದ್ದಾರೆ. ಇಂತಹವರಿಗೆ ಮಂಡಿಯ ಮುಂಭಾಗದಲ್ಲಿ ನೋವು ಕಾಣಿಸಿಕೊಂಡಿತೆಂದರೆ ಮನೆಯಲ್ಲಿ ಎರಡು ಪಕ್ಷಗಳೇಳುವುವು. “ಇನ್ನು ಬೆಟ್ಟ ಸಾಕು, ಮನೆಯಲ್ಲಿ ಸುಮ್ಮನೆ ಕುಳಿತಿರಿ” ಎಂಬುದು ಮಕ್ಕಳ ಪಕ್ಷ. “ನಡೆದರೆ ತಾನಾಗಿಯೇ ಸಡಿಲವಾಗುವುದು” ಎಂಬುದು ಹಿರಿಯರ ಪಕ್ಷ. ನೋವು ಸ್ನಾಯುರಜ್ಜುವಿನದಾಗಿದ್ದರೆ ಈ ಎರಡೂ ಸರಿಯಲ್ಲವೆಂದು ನಾವು ಹೇಳಬೇಕಾಗಿದೆ.

ಸ್ನಾಯುರಜ್ಜುವೆಂದರೆ ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಗಟ್ಟಿಯಾದ ಹುರಿ. ಜನರು “ನರ ಹಿಡಿದಿದೆ” ಎನ್ನುವುದು ಅನೇಕ ವೇಳೆ ಇದನ್ನೇ. ಆದರೆ ಇದು ನರವಲ್ಲ. ತೊಡೆಯ ಮುಂದಣ ಮಾಂಸಖಂಡವನ್ನು ಮಂಡಿಯ ಚಿಪ್ಪಿಗೆ ಒಂದು ಹುರಿಯೂ, ಚಿಪ್ಪನ್ನು ಕೆಳಗಣ ಕಾಲೆಲುಬಿಗೆ ಮತ್ತೊಂದು ಹುರಿಯೂ ಕಟ್ಟಿರುವುವು. ನೋವಿನ ಸ್ಥಳವನ್ನು ಚಿಪ್ಪಿನ ಮೇಲಂಚಿನಲ್ಲಿಯೋ ಕೆಳಂಚಿನಲ್ಲಿಯೋ ಒಂದೇ ಬೆರಳಿನಿಂದ ತೋರಿಸಬಹುದಾಗಿ, ಅದು ಮೆಟ್ಟಿಲಿಳಿಯುವಾಗಲೂ ತಗ್ಗಾದ ಮಣೆಯಿಂದೇಳುವಾಗಲೂ ಹೆಚ್ಚುವುದಾದರೆ, ಹುರಿಯ ನೋವೆಂದು ಸಂದೇಹಿಸಬಹುದು. ಕೀಲಿನ ಸವೆತದಲ್ಲಿಯಾದರೋ ನೋವು ಮಂಡಿಯಲ್ಲೆಲ್ಲ ಹರಡುವುದು ಸಾಮಾನ್ಯ. ಎರಡೂ ಒಟ್ಟಿಗಿರುವುದೂ ಉಂಟಾದುದರಿಂದ ನಿರ್ಣಯವನ್ನು ವೈದ್ಯರಿಗೇ ಬಿಡತಕ್ಕದ್ದು.

ಈ ಹುರಿಗೆ ರಕ್ತಸಂಚಾರವು ಸ್ವಲ್ಪವೇ. ಆದುದರಿಂದ ಗುಣವಾಗುವುದು ವಾರಗಳ ಮಾತಲ್ಲ, ತಿಂಗಳುಗಳ ಮಾತು. ಪೂರ್ಣ ವಿಶ್ರಾಂತಿಯಿಂದ ನೋವು ಅಡಗುವುದೇನೋ ನಿಜ. ಆದರೆ ಅಷ್ಟರಲ್ಲಿ ತೊಡೆ ಸೊರಗಿ, ಹುರಿಯ ಶಕ್ತಿಯೂ ಕುಂದಿ, ಮತ್ತೆ ಬೆಟ್ಟ ಹತ್ತಿದ ದಿನವೇ ನೋವು ಮರಳುವುದು. ಹುರಿಗೆ ಬೇಕಾದುದು ಅಳತೆಯ ಭಾರ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸ್ಟೀರಾಯ್ಡ್ ಸೂಜಿಮದ್ದನ್ನೂ, ಭಾರ ಹೊತ್ತು ನಿಧಾನವಾಗಿ ಮಾಡುವ ವ್ಯಾಯಾಮವನ್ನೂ ಹೋಲಿಸಿ ನೋಡಿದರು. ಹನ್ನೆರಡು ವಾರಗಳಲ್ಲಿ ಎರಡರಿಂದಲೂ ಗುಣ ಕಂಡಿತು. ಅರ್ಧ ವರ್ಷದ ವೇಳೆಗೆ ಸೂಜಿಮದ್ದಿನ ಗುಣವು ಇಳಿದಿತ್ತು, ವ್ಯಾಯಾಮದ ಗುಣವು ನಿಂತಿತ್ತು. ಪರೀಕ್ಷೆಗೊಳಗಾದವರು ನಮ್ಮ ಹಿರಿಯರಿಗಿಂತ ಕಿರಿಯರಾದ ಗಂಡಸರು. ಆದುದರಿಂದ ನಾವು ಭಾರವನ್ನು ಇನ್ನೂ ಮೆಲ್ಲನೆ ಏರಿಸುವುದು ಲೇಸು.

ನೋವು ಹೆಚ್ಚಾಗಿರುವಾಗ ಕುರ್ಚಿಯ ಮೇಲೆ ಕುಳಿತು, ನೋಯುವ ಕಾಲಿನ ಮುಂದೆ ಇನ್ನೊಂದು ಕಾಲನ್ನು ಅಡ್ಡವಾಗಿಟ್ಟು, ನೋಯುವ ಕಾಲಿನಿಂದ ಅದನ್ನು ಮುಂದಕ್ಕೆ ಒತ್ತಬೇಕು. ಕಾಲುಗಳು ಅಲುಗಬಾರದು, ಉಸಿರು ಕಟ್ಟಬಾರದು. 45 ಸೆಕೆಂಡು ಒತ್ತಿ, ಒಂದೆರಡು ನಿಮಿಷ ಬಿಟ್ಟು, ಹೀಗೆ ಐದು ಸಲ. ನೋವು ತಗ್ಗಿದ ಮೇಲೆ ಎತ್ತರದ ಕುರ್ಚಿಯಿಂದ ಮೂರು ಎಣಿಸುತ್ತ ಏಳುವುದು, ಮೂರು ಎಣಿಸುತ್ತ ಕುಳಿತುಕೊಳ್ಳುವುದು. ದಿನ ಬಿಟ್ಟು ದಿನ ಸಾಕು. ಕೆಲವು ವಾರಗಳಾದ ಬಳಿಕ ಅಕ್ಕಿಯ ಚೀಲವೊಂದನ್ನು ಎದೆಗವಚಿಕೊಂಡು ಇದನ್ನೇ ಮಾಡಬಹುದು. ಸ್ವಲ್ಪ ನೋವಿಗೆ ಅಂಜಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಅದೇ ಕುರ್ಚಿಯಿಂದ ಒಮ್ಮೆ ಎದ್ದು ನೋಡಿ, ನೋವು ನಿನ್ನೆಯಷ್ಟೇ ಇದ್ದರೆ ಭಾರವು ಸರಿಯಾಗಿದೆ, ಹೆಚ್ಚಿದ್ದರೆ ತಗ್ಗಿಸತಕ್ಕದ್ದು.

ಎಣ್ಣೆ ತಿಕ್ಕುವುದರಿಂದ ಹಿತವಾಗುವುದು, ಹುರಿಗೆ ಬಲ ಬಾರದು. ಅಜ್ಜಿಯರ ಕೈಯಿಂದ ಎಣ್ಣೆಯ ಬಟ್ಟಲನ್ನು ಕಸಿದುಕೊಳ್ಳುವ ಸಾಹಸಕ್ಕೆ ನಾವಂತೂ ಹೋಗೆವು!

ಸಿಪ್ರೋಫ್ಲಾಕ್ಸಾಸಿನ್ ವರ್ಗದ ಔಷಧಗಳು ಹುರಿಗೆ ಕೆಡುಕು ಮಾಡಬಹುದೆಂದೂ, ಅರುವತ್ತು ದಾಟಿದವರಲ್ಲಿ ಈ ಅಪಾಯ ಹೆಚ್ಚೆಂದೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಎಚ್ಚರಿಸಿತು. ಅವುಗಳನ್ನು ಸೇವಿಸುತ್ತಿರುವವರು ಹುರಿಯ ನೋವನ್ನು ಕೂಡಲೇ ವೈದ್ಯರಿಗೆ ತಿಳಿಸಬೇಕು. ಮಂಡಿಯಲ್ಲಿ ಥಟ್ಟನೆ ಕಿತ್ತಂತಾಗಿ, ಕಾಲನ್ನು ನೀಡಲಾರದಂತಾದರೆ ಹುರಿ ಹರಿದಿರಬಹುದು. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಬೆಟ್ಟದ ಮಾತು. ಹತ್ತುವುದಕ್ಕಿಂತ ಇಳಿಯುವುದು ನೋಯುವ ಮಂಡಿಗೆ ಸಾಮಾನ್ಯವಾಗಿ ಹೆಚ್ಚು ಕಷ್ಟ. ಆದುದರಿಂದ ಕುರ್ಚಿಯ ಅಭ್ಯಾಸವು ಸಲೀಸಾಗುವವರೆಗೆ ಸಮನೆಲದಲ್ಲಿ ನಡೆದು, ಅನಂತರ ಮೆಟ್ಟಿಲುಗಳನ್ನು ಅಲ್ಲಲ್ಲಿ ಕುಳಿತು ಹತ್ತಿ, ಕೆಳಕ್ಕೆ ಬಸ್ಸಿನಲ್ಲಿ ಬರಬಹುದು. ಮೆಟ್ಟಿಲಿಳಿಯುವುದನ್ನು ಎಲ್ಲಕ್ಕೂ ಕಡೆಯಲ್ಲಿ, ವಾರಕ್ಕೊಮ್ಮೆ ಮಾತ್ರ ಮೊದಲು ಮಾಡತಕ್ಕದ್ದು.