ಕಮಾನು ಬಿಚ್ಚುವ ಮೊದಲು

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ವಾಹನಗಳ ಬಿಡಿಭಾಗದ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಆ ಸಾಲು ತೆಳುವಾಗುವ ಕಡೆ ಒಂದು ಒಳಗಲ್ಲಿಗೆ ತಿರುಗಿಕೊಂಡೆ. ಗಲ್ಲಿಯ ಕೊನೆಗೆ ತಗಡಿನ ಗೇಟು, ಹೆಸರಿನ ಫಲಕವಿಲ್ಲ. ಹಳೆಯ ಗಾಡಿಗಳನ್ನು ಮತ್ತೆ ರಸ್ತೆಗಿಳಿಸುವ ಶೆಡ್ಡು ಇದು. ಗೊತ್ತಿದ್ದವರು ಬರುತ್ತಾರೆ, ಗೊತ್ತಿಲ್ಲದವರು ಗುಜರಿ ಅಂಗಡಿ ಅಂದುಕೊಂಡು ಮುಂದೆ ಹೋಗುತ್ತಾರೆ.

ಗೇಟು ದಾಟಿದ ಕೂಡಲೇ ಎಡಕ್ಕೆ ಬಾಗಿಲು ಕಳಚಿದ ಅಂಬಾಸಡರ್, ಅದರ ಹಿಂದೆ ಎರಡು ಜೀಪು, ಗೋಡೆಯ ಪಕ್ಕ ಅಪಘಾತವಾದ ಇನ್ನೋವಾ ಒಂದರ ಮುಂದಿನ ಅರ್ಧ. ಇವನ್ನು ಬಳಸಿಕೊಂಡು ಒಳಗೆ ಹೋದರೆ ನಾನು ನೋಡಬಂದ ಗಾಡಿ ಕಾಣುತ್ತದೆ: ದುಂಡು ಮೂತಿಯ ಷೆವರ್ಲೆ 3100 ಪಿಕಪ್. ಗ್ರಿಲ್ಲಿನಲ್ಲಿ ಐದು ಅಡ್ಡಪಟ್ಟಿ, ನಡುವೆ ಕಂಬಿ ಇಟ್ಟು ಜೋಡಿಸಿದ ಎರಡು ತುಂಡಿನ ಮುಂಗಾಜು.

ಗಾಡಿಯ ಯಜಮಾನರು ಬೀದರ್ ಕಡೆಯವರು. ಅವರು ತೋರಿಸಿದ ಆರ್‌ಸಿ ಪುಸ್ತಕದಲ್ಲಿ ತಯಾರಿಯ ವರ್ಷದ ಕೊನೆಯ ಅಂಕಿ ಅಳಿಸಿಹೋಗಿದೆ. ಆದರೆ ಗಾಡಿಯೇ ಸುಳಿವು ಕೊಡುತ್ತದೆ. ಈ ಮಾದರಿಗೆ ಬಾಗಿಲ ಮೂಲೆಯ ಚಿಕ್ಕ ತಿರುಗು ಗಾಜು ಬಂದಿದ್ದು 1951ರಲ್ಲಿ, ಒತ್ತುಗುಂಡಿಯ ಹಿಡಿಕೆ 1952ರಲ್ಲಿ. ಎರಡೂ ಇದರಲ್ಲಿವೆ. 1954ರಲ್ಲಿ ಮುಂಗಾಜು ಒಂದೇ ತುಂಡಾಯಿತು. ಬಾಗಿಲು ಬದಲಾಗಿಲ್ಲ ಅಂದರೆ ಇದು 52 ಅಥವಾ 53ರದ್ದು. ಮುಂಬೈನ ಶಿವಡಿಯಲ್ಲಿ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಗಾಡಿ ಜೋಡಿಸುತ್ತಿತ್ತು. ಇದು ಅಲ್ಲಿಂದ ಬಂದದ್ದೋ ಎಂದು ತಿಳಿಯಲು ತಯಾರಕರ ಪಟ್ಟಿ ಓದಲು ನೋಡಿದೆ. ಅದರ ಮೇಲೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದಾರೆ. ಹಳೆಯ ನಂಬರ್ ಪ್ಲೇಟು ಮಾತ್ರ ಉಳಿದಿದೆ, ಹೈದರಾಬಾದ್ ರಾಜ್ಯದ ‘ಎಚ್‌ವೈ’ ಅಕ್ಷರಗಳೊಂದಿಗೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಎಲ್ಲವೂ ಇದೇ ರಾಜ್ಯದಲ್ಲಿದ್ದವಲ್ಲ.

ಗಾಡಿಯ ಕೆಳಗೆ ಗುಂಡಿ ಇದೆ. ಶೆಡ್ಡಿನ ಹಿರಿಯ ಮೆಕ್ಯಾನಿಕ್ ಉಸ್ತಾದ್ ಟಾರ್ಚ್ ಹಿಡಿದು ಮೊದಲು ಇಳಿದರು, ಹಿಂದೆ ನಾನು. ಮೇಲೆ ನೋಡಿದರೆ ವ್ಯವಸ್ಥೆ ಬಹಳ ಸರಳ: ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಉಕ್ಕಿನ ತೊಲೆ, ಅದರ ಮೇಲೆ ಎರಡು ಕಮಾನು ಪ್ಲೇಟಿನ ಕಟ್ಟು, ತೊಲೆಯ ಎರಡೂ ತುದಿಗೆ ಕಿಂಗ್‌ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು. ಎಡಗಾಲಿ ಗುಂಡಿಗೆ ಇಳಿದರೆ ತೊಲೆ ವಾಲುತ್ತದೆ, ಬಲಗಾಲಿಯೂ ಅದರ ಜೊತೆ ವಾಲುತ್ತದೆ. ಯಜಮಾನರ ದೂರು ಇದೇ. ಬೀದರ್ ರಸ್ತೆಯಲ್ಲಿ ಅರವತ್ತು ದಾಟಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲವಂತೆ. ಅವರಿಗೆ ಬೇಕಿರುವುದು ಎರಡೂ ಚಕ್ರ ಬೇರೆಬೇರೆಯಾಗಿ ಏಳುವ, ಇಳಿಯುವ ಹೊಸ ಕಾಲದ ಸಸ್ಪೆನ್ಷನ್. ಆಸೆ ಅತಿಯಾದದ್ದೇನಲ್ಲ. ಷೆವರ್ಲೆಯೇ 1960ರಲ್ಲಿ ತನ್ನ ಪಿಕಪ್‌ಗಳ ಮುಂದಿನ ತೊಲೆಯನ್ನು ಬಿಟ್ಟು ಟಾರ್ಷನ್ ಬಾರ್ ಹಾಕಿತು, 1963ರಲ್ಲಿ ಕಾಯಿಲ್ ಸ್ಪ್ರಿಂಗಿಗೆ ಬಂತು.

ಉಸ್ತಾದ್ ಅದಕ್ಕೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಮೇಲಿದ್ದ ಹುಡುಗನಿಗೆ ಚಕ್ರ ಅಲ್ಲಾಡಿಸು ಅಂದರು. ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದ ಚಕ್ರವನ್ನು ಅವನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಹಿಂದೆಮುಂದೆ ತಳ್ಳಿದ. ಟಕ್, ಟಕ್. ಟಾರ್ಚಿನ ಬೆಳಕಿನಲ್ಲಿ ಕಿಂಗ್‌ಪಿನ್ ತನ್ನ ಬುಷ್‌ನೊಳಗೆ ಅಲುಗುವುದು ಕಣ್ಣಿಗೇ ಕಂಡಿತು. ಕಮಾನಿನ ಮೂರನೇ ಪ್ಲೇಟು ಮುರಿದಿದೆ. ಪ್ಲೇಟುಗಳ ನಡುವೆ ಗ್ರೀಸ್ ಹೋಗಿ ತುಕ್ಕು ಕೂತಿದೆ. ಯಜಮಾನರ ದೂರಿನಲ್ಲಿ ಅರ್ಧದಷ್ಟಾದರೂ ಇಲ್ಲೇ ಇದೆ ಎಂದು ನನಗನಿಸಿತು. ಸವೆದ ತೊಲೆಯನ್ನು ಹೊಸ ಸಸ್ಪೆನ್ಷನ್ ಜೊತೆ ಹೋಲಿಸಿದರೆ ಹೊಸದು ಗೆಲ್ಲದೆ ಇರುತ್ತದೆಯೇ?

ಗುಂಡಿಯಿಂದ ಮೇಲೆ ಬಂದು ಶೆಡ್ಡಿನ ಹಿಂಭಾಗಕ್ಕೆ ಹೋದೆವು. ಸಿಮೆಂಟು ನೆಲದ ಮೇಲೆ ಪರ್ಯಾಯಗಳನ್ನು ಸಾಲಾಗಿ ಇಟ್ಟಿದ್ದಾರೆ. ಮೊದಲನೆಯದು ಅಂಬಾಸಡರ್‌ನದು. ಚಕ್ರದಿಂದ ಹಿಂದಕ್ಕೆ ಚಾಚುವ ಉದ್ದನೆಯ ಉಕ್ಕಿನ ಸರಳು ತಿರುಚಿಕೊಂಡೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಭಾಗ ಸುಲಭವಾಗಿ ಸಿಗುತ್ತದೆ, ಬೆಲೆಯೂ ಹಗುರ. ಆದರೆ ಇದರ ಅಗಲ ಕಡಿಮೆ, ಹಾಕಿದರೆ ಚಕ್ರಗಳು ಮಡ್‌ಗಾರ್ಡಿನೊಳಗೆ ಹುದುಗಿಹೋಗುತ್ತವೆ. ಅದನ್ನು ದಾಟಿ ಮುಂದೆ ಬಂದೆವು.

ಎರಡನೆಯದು ಇನ್ನೋವಾದ ವಿಷ್‌ಬೋನ್ ಜೋಡಿ, ಅಂದರೆ ಚಕ್ರವನ್ನು ಮೇಲೂ ಕೆಳಗೂ ಹಿಡಿಯುವ ಕವಲುತೋಳುಗಳು, ಕಾಯಿಲ್ ಸ್ಪ್ರಿಂಗು, ಡಿಸ್ಕ್ ಬ್ರೇಕು, ರ‍್ಯಾಕ್ ಸ್ಟೇರಿಂಗು ಸಮೇತ. ನಮ್ಮ ಬಿಡದಿಯಲ್ಲೇ ತಯಾರಾದದ್ದು, ಯಾವ ಊರಿನಲ್ಲೂ ಇದರ ಬುಷ್ ಸಿಗುತ್ತದೆ. ಸ್ಟೇರಿಂಗ್ ಬಲಗಡೆಯದೇ. ತೊಡಕು ಬೇರೆ ಕಡೆ ಇದೆ: ಇದು ಚಾಸಿಸ್‌ಗೆ ಬೆಸೆದುಕೊಂಡಿರುವ ಜೋಡಣೆ. ಹಾಕಬೇಕೆಂದರೆ ಷೆವರ್ಲೆಯ ಚಾಸಿಸ್ ಕೊಯ್ದು, ಇನ್ನೋವಾದ ಅಡ್ಡತೊಲೆ ಬೆಸುಗೆ ಹಾಕಬೇಕು. ಮುಂಚಕ್ರಕ್ಕೆ ಐದು ಬೋಲ್ಟು, ಹಿಂಚಕ್ರಕ್ಕೆ ಹಳೆಯ ಆರು ಬೋಲ್ಟು ಆಗುವುದರಿಂದ ಒಂದೇ ಸ್ಟೆಪ್ನಿ ಎರಡೂ ಕಡೆ ಕೂರುವುದಿಲ್ಲ.

ಮೂರನೆಯದು ಬರೀ ಫೋಟೋ. ಅಮೆರಿಕದಲ್ಲಿ ಇಂಥ ಪಿಕಪ್‌ಗಳಿಗೆ ಎಲ್ಲರೂ ಹಾಕುವುದು ‘ಮಸ್ಟಾಂಗ್ ಟೂ’ ಮಾದರಿಯ ಕಿಟ್. 1974ರಿಂದ 78ರವರೆಗೆ ಬಂದ ಫೋರ್ಡ್ ಕಾರಿನ ಮುಂಭಾಗವನ್ನು ಅನುಸರಿಸಿ ಮಾಡಿದ್ದು. ಯಜಮಾನರ ಮನಸ್ಸು ಮೊದಲು ಇದರ ಮೇಲೇ ಇತ್ತಂತೆ. ಅಲ್ಲಿನ ಕಿಟ್ಟಿನಲ್ಲಿ ಸಾಮಾನ್ಯವಾಗಿ ಎಡಗಡೆ ಸ್ಟೇರಿಂಗಿನ ರ‍್ಯಾಕ್ ಬರುತ್ತದೆ. ಬಲಗಡೆಯದನ್ನು ಬೇರೆ ತರಿಸಬೇಕು, ಮೇಲೆ ಸುಂಕ. ಇದಕ್ಕೂ ಚಾಸಿಸ್ ಕೊಯ್ಯಲೇಬೇಕು.

ಪಕ್ಕದ ಗೋಡೆಗೆ ಒರಗಿಸಿದ್ದ ಪ್ಲೈವುಡ್ ಹಲಗೆಯ ಮೇಲೆ ಪೆನ್ಸಿಲ್ಲಿನ ಎರಡು ಗೆರೆ. ಏನಿದು ಎಂದು ಕೇಳಿದ್ದಕ್ಕೆ ಉಸ್ತಾದ್ ಮಾಡಿಯೇ ತೋರಿಸಿದರು. ಸ್ಟ್ಯಾಂಡಿಗೆ ಬಿಗಿದ ಒಂದು ವಿಷ್‌ಬೋನ್ ಜೋಡಿಯಿಂದ ಸ್ಪ್ರಿಂಗ್ ತೆಗೆದು, ಹಬ್ಬಿಗೆ ಚಾಚುಗೋಲು ಕಟ್ಟಿ, ಅದರ ತುದಿಗೆ ಪೆನ್ಸಿಲ್ ಸಿಕ್ಕಿಸಿ, ಎದುರಿಗೆ ಹಲಗೆ ನಿಲ್ಲಿಸಿದರು. ಕೆಳಗಿನಿಂದ ಜಾಕ್ ಒತ್ತಿದಾಗ ಹಬ್ಬು ನಿಧಾನ ಮೇಲೆದ್ದಿತು. ಪೆನ್ಸಿಲ್ ನೆಟ್ಟಗೆ ಗೆರೆ ಎಳೆದರೆ ಸರಿ. ಇಲ್ಲಿ ಅದು ಮೇಲೆ ಹೋಗುತ್ತ ಒಂದು ಬೆರಳಗಲ ಬಲಕ್ಕೆ ಸರಿಯಿತು. ಅಂದರೆ ರೋಡ್ ಹಂಪು ಹತ್ತಿದಾಗ ಸ್ಟೇರಿಂಗ್ ಮುಟ್ಟದಿದ್ದರೂ ಚಕ್ರ ತಾನೇ ತಿರುಗುತ್ತದೆ. ರ‍್ಯಾಕಿನ ಕೀಲುಗಳು ವಿಷ್‌ಬೋನಿನ ಕೀಲುಗಳ ನೇರಕ್ಕೆ ಕೂರದಿದ್ದರೆ ಹೀಗಾಗುತ್ತದೆ. ರ‍್ಯಾಕನ್ನು ಕೆಳಗಿಳಿಸಿ ಮತ್ತೆ ಎಳೆದ ಎರಡನೇ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಬೇರೆ ಗಾಡಿಯ ಮುಂಭಾಗ ತಂದು ಬೆಸೆದು, ಈ ಗೆರೆ ಎಳೆಯದೆ ರಸ್ತೆಗೆ ಬಿಟ್ಟ ಪಿಕಪ್ಪು ತೊಲೆಯ ಗಾಡಿಗಿಂತ ಅಪಾಯಕಾರಿ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಇಷ್ಟರಲ್ಲಿ ಯಜಮಾನರು ಕಾಗದದ ವಿಷಯ ತೆಗೆದರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ‘ವಿಎ’ ಅಕ್ಷರಗಳ ಹೊಸ ಸಂಖ್ಯೆ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ಚಾಸಿಸ್, ಬಾಡಿ, ಇಂಜಿನ್ ಮೂಲದಲ್ಲಿ ಇದ್ದಂತೆಯೇ ಇರಬೇಕು. ಅದಿಲ್ಲದೆ ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಳ್ಳೋಣವೆಂದರೂ, ಆರ್‌ಸಿಯ ವಿವರ ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

“ಅಂದ್ರ ಕೊಯ್ದ್ರ ಹೋತು, ಅಲ್ಲೇನ್ರಿ?” ಅಂದರು ಯಜಮಾನರು.

ಉಸ್ತಾದ್ ಬಾನೆಟ್ ಎತ್ತಿದರು. ಒಳಗಿರುವುದು ಷೆವರ್ಲೆ ಇಂಜಿನ್ನೇ ಅಲ್ಲ, ಪರ್ಕಿನ್ಸ್ ಡೀಸೆಲ್. ಪೆಟ್ರೋಲ್ ಕುಡಿಯುವ ಹಳೆಯ ಅಮೆರಿಕನ್ ಗಾಡಿಗಳಿಗೆ ನಮ್ಮಲ್ಲಿ ಡೀಸೆಲ್ ಹಾಕಿಸುವುದು ದೊಡ್ಡ ರೂಢಿಯಾಗಿತ್ತು. ಮೂಲದ ಆರು ಸಿಲಿಂಡರಿನ ಮೂರೂವರೆ ಲೀಟರ್ ಇಂಜಿನ್ ಶೆಡ್ಡಿನ ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಮಲಗಿದೆ. ಅದೇ ಇಂಜಿನ್ ಹೌದೋ ಅಲ್ಲವೋ ನಂಬರ್ ಉಜ್ಜಿ ನೋಡಬೇಕು. ಅದರ ಬೇರಿಂಗುಗಳು ಬ್ಯಾಬಿಟ್ ಲೋಹ ಎರಕ ಹೊಯ್ದು ಮಾಡುವಂಥವು. ಆ ಕೆಲಸ ಬಲ್ಲವರನ್ನು ಮೊದಲು ಹುಡುಕಬೇಕು.

ನನಗೆ ಅಲ್ಲಿಯವರೆಗೆ ಸ್ಪ್ರಿಂಗಿನ ಪ್ರಶ್ನೆಯೇ ಮೊದಲಿನದು ಅನಿಸಿತ್ತು. ಈಗ ನೋಡಿದರೆ ಅದು ಕೊನೆಯದು. ಕಾಗದ ಬೇಕಾದರೆ ಹಳೆಯ ಇಂಜಿನ್ ಬರಬೇಕು. ಇಂಜಿನ್ ಬದಲಾದರೆ ಮುಂಭಾಗದ ಭಾರ ಬದಲಾಗುತ್ತದೆ. ಭಾರ ತಿಳಿಯದೆ ಕಮಾನಿಗೆ ಎಷ್ಟು ಪ್ಲೇಟು, ಕಾಯಿಲ್ ಎಷ್ಟು ದಪ್ಪ ಎಂದು ಯಾರೂ ಹೇಳಲಾರರು. “ಅಭೀ ಕಾಟ್ನಾ ನಕ್ಕೋ ಸಾಬ್,” ಈಗಲೇ ಕೊಯ್ಯುವುದು ಬೇಡ, ಅಂದರು ಉಸ್ತಾದ್.

ಅವರ ಲೆಕ್ಕ ಹೀಗಿದೆ. ತೊಲೆ ಇರಲಿ. ಕಿಂಗ್‌ಪಿನ್ ಹೊಸದು, ಬುಷ್ ಹೊಸದು, ರೀಮರ್ ಹಿಡಿದು ಕೂರಿಸುವುದು. ಕಮಾನು ಬಿಚ್ಚಿ ಪ್ಲೇಟುಗಳನ್ನು ಕಾಸಿ ಬಾಗು ಸರಿಮಾಡುವುದು, ಮುರಿದದ್ದನ್ನು ಬದಲಿಸುವುದು. ತೊಲೆ ಮತ್ತು ಕಮಾನಿನ ನಡುವೆ ಆಪು ಕೊಟ್ಟು ಕಿಂಗ್‌ಪಿನ್ನನ್ನು ತುಸು ಹಿಂದಕ್ಕೆ ವಾಲಿಸಿದರೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುತ್ತದೆ. ಇದರಲ್ಲಿ ಯಾವುದಕ್ಕೂ ಚಾಸಿಸ್ ಮುಟ್ಟಬೇಕಿಲ್ಲ. ಇನ್ನೋವಾದಷ್ಟು ಮೆತ್ತಗೆ ಓಡುವುದಿಲ್ಲ, ಅದನ್ನು ಅವರೇ ಹೇಳಿದರು.

ಯಜಮಾನರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಇನ್ನೋವಾದ ಡಿಸ್ಕ್ ಬ್ರೇಕಿನ ಕಡೆಗೇ ಎರಡು ಸಲ ತಿರುಗಿ ನೋಡಿದರು. ಆದರೂ ಇಂಜಿನ್ ಕೂರಿಸಿದ ಮೇಲೆ ವೇ ಬ್ರಿಜ್‌ಗೆ ಒಯ್ದು, ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಕ ತೆಗೆಸೋಣ, ಕಮಾನಿನ ಕೆಲಸ ಆಮೇಲೆ ಎಂಬಲ್ಲಿಗೆ ಮಾತು ನಿಂತಿತು. ತೂಕ ತೆಗೆಸುವ ದಿನ ಟ್ಯಾಂಕ್ ತುಂಬಿಸಿಕೊಂಡು ಬರಬೇಕು, ಯಜಮಾನರೂ ಸೀಟಿನಲ್ಲೇ ಕೂತಿರಬೇಕು, ಚೀಟಿಯಲ್ಲಿ ಅವರ ತೂಕವೂ ಸೇರಿರಬೇಕು ಎಂದು ಉಸ್ತಾದ್ ಒತ್ತಿ ಹೇಳಿದರು.